ಅರ್ಧ ಮಂಡಕ್ಕಿ ಅಂದ್ರೆ ಒಂದು ಮಗು

ನಾಲ್ಕು-ಐದನೇ ಕ್ಲಾಸಿಗೆ ಅಳತೆ ಪಾಠ ಮಾಡುವವರು ಪುಸ್ತಕ ತೆರೆಯುವ ಮೊದಲು ಮಕ್ಕಳ ಸ್ಕೇಲುಗಳನ್ನು ಒಮ್ಮೆ ನೋಡಬೇಕು. ಪೂರ್ತಿ 15 ಸೆಂಟಿಮೀಟರ್ ಇರುವ ಸ್ಕೇಲು ಸಿಗುವುದು ಅಂಗಡಿಯಲ್ಲಿ ಮಾತ್ರ. ನಮ್ಮ ದಾವಣಗೆರೆಯ ಕ್ಲಾಸಿಗೆ ಬರುವಷ್ಟರಲ್ಲಿ ಅದು ಕತ್ತಿವರಸೆ ಆಡಿರುತ್ತದೆ, ಬೆನ್ನು ಕೆರೆದಿರುತ್ತದೆ, ಮುಂದಿನ ಬೆಂಚಿನವಳ ಜಡೆಯನ್ನೂ ಎಳೆದಿರುತ್ತದೆ. ಒಂದೇ ಪೆನ್ಸಿಲ್ ಕೊಟ್ಟು ಅಳೆಯಿರಿ ಅಂದರೆ ಬೆಂಚಿಗೊಂದು ಉತ್ತರ. ಕೆಲವರು 1ರಿಂದ ಶುರು ಮಾಡುತ್ತಾರೆ, ಯಾಕಂದ್ರೆ ಎಣಿಸೋದು ಒಂದರಿಂದಲೇ ಅಲ್ವಾ? ಕೆಲವರು ಸೊನ್ನೆಯ ಹಿಂದೆ ಇರುವ ಖಾಲಿ ಪ್ಲಾಸ್ಟಿಕ್ಕನ್ನೂ ಸೇರಿಸಿಕೊಳ್ಳುತ್ತಾರೆ. ಅದಕ್ಕೂ ದುಡ್ಡು ಕೊಟ್ಟಿದ್ದಾರಲ್ಲ! ಒಬ್ಬನ ಸ್ಕೇಲು ಮುರಿದು 3ರಿಂದ ಶುರುವಾಗುತ್ತಿತ್ತು. ಅವನು ಪೆನ್ಸಿಲ್ ಇಟ್ಟ, 12 ಅಂತ ಓದಿದ, ಬೆರಳು ಮಡಚಿ ಮೂರು ಕಳೆದು 9 ಅಂದ. ಇಡೀ ಕ್ಲಾಸಿನಲ್ಲಿ ಸರಿ ಉತ್ತರ ಅವನೊಬ್ಬನದೇ.

ಮಕ್ಕಳಿಗೆ ಅಳತೆ ಬರುವುದಿಲ್ಲ ಅಂದುಕೊಳ್ಳಬೇಡಿ. ಮನೆಯಲ್ಲೇ ಕಲಿತುಕೊಂಡು ಬಂದಿರುತ್ತಾರೆ, ಪುಸ್ತಕದ್ದಲ್ಲ ಅಷ್ಟೇ. ಸೆಂಟಿಮೀಟರ್ ಯಾಕೆ ಬೇಕು ಅಂತ ತೋರಿಸಲು ಒಂದು ದಾರ ಕೊಟ್ಟು, ಎಲ್ಲರೂ ಅವರವರ ಮೊಳದಲ್ಲಿ ಅಳೆಯಿರಿ ಅಂದೆ. ಒಬ್ಬರಿಗೆ ಆರು ಮೊಳ, ಇನ್ನೊಬ್ಬರಿಗೆ ಏಳು, ಹಿಂದಿನ ಬೆಂಚಿನ ಉದ್ದ ಕೈಯ ಹುಡುಗನಿಗೆ ಐದೂವರೆ. ನೋಡಿದ್ರಾ, ಕೈ ಬದಲಾದರೆ ಅಳತೆ ಬದಲಾಗುತ್ತೆ, ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಬೇಕು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೂ ಮಾರುವ ಅಜ್ಜಿಯ ಮೊಮ್ಮಗಳು ಎದ್ದು ನಿಂತಳು. "ಹೌದು ಮೇಡಂ. ಅದಕ್ಕೇ ನಮ್ಮಜ್ಜಿ ಮಾರ್ಕೆಟ್ಟಿಂದ ಹೂ ತರೋಕೆ ಮಾವನ್ನ ಕಳಿಸ್ತಾರೆ, ಮಾರೋಕೆ ನನ್ನ ಕೂರಿಸ್ತಾರೆ." ಪಾಠ ಅಲ್ಲಿಗೆ ಮುಗಿಯಿತು. ನಾನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಎತ್ತರ ಅಳೆಯುವಾಗ ಇನ್ನೊಂದು ತಕರಾರು. ಟೈಲರ್ ಟೇಪಿನ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್. ಇಂಚಿನಲ್ಲಿ 48, ಈ ಕಡೆ ತಿರುಗಿಸಿದರೆ ಹತ್ತಿರ ಹತ್ತಿರ 122. ಕ್ಲಾಸಿನ ಗಿಡ್ಡ ಹುಡುಗನಿಗೆ ಸೆಂಟಿಮೀಟರ್ ಬಹಳ ಹಿಡಿಸಿತು. "ನಂದು ಇದರಲ್ಲೇ ಬರೆದುಕೊಳ್ಳಿ ಮೇಡಂ, ಜಾಸ್ತಿ ಬರುತ್ತೆ."

ಸುತ್ತಳತೆ, ವಿಸ್ತೀರ್ಣ ಅಂದರೆ ಮಕ್ಕಳಿಗೆ ಎರಡೂ ಒಂದೇ. ಕೂಡಬೇಕೋ ಗುಣಿಸಬೇಕೋ ಅಂತ ನನ್ನ ಮುಖ ನೋಡಿಕೊಂಡು ಉತ್ತರ ಬದಲಾಯಿಸುತ್ತಾರೆ. ಅದಕ್ಕೆ ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಥರ್ಟಿ-ಫಾರ್ಟಿ ಸೈಟನ್ನೇ ಬೋರ್ಡಿನ ಮೇಲೆ ಬರೆದೆ. ಸುತ್ತ ಕಾಂಪೌಂಡ್ ಹಾಕಿದರೆ 140 ಅಡಿ, ಅದು ಸುತ್ತಳತೆ. ಒಳಗಿನ ಜಾಗ 1200 ಚದರ ಅಡಿ, ಅದು ವಿಸ್ತೀರ್ಣ. ಎಲ್ಲರೂ ತಲೆ ಆಡಿಸಿದರು. ಸುಮ್ನೆ ಅಲ್ಲಿಗೇ ಬಿಡಬಹುದಿತ್ತು. ಆದರೆ 35 ಅಡಿಗೆ 35 ಅಡಿ ಸೈಟಾದರೆ ಎಷ್ಟು ಅಂತ ಕೇಳಿದೆ. ಕಾಂಪೌಂಡು ಅದೇ 140 ಅಡಿ, ಜಾಗ ಮಾತ್ರ 1225! ಅಷ್ಟೇ ಗೋಡೆಗೆ 25 ಚದರ ಅಡಿ ಹೆಚ್ಚು ಜಾಗ ಬಂತಲ್ಲ ಅಂತ ಕ್ಲಾಸೆಲ್ಲಾ ಗಲಾಟೆ. ಒಬ್ಬಳು ಅಲ್ಲೇ ಬಚ್ಚಲುಮನೆ ಕಟ್ಟಿದಳು. ಹಾಗಾದ್ರೆ ಜನ ಯಾಕೆ ಚೌಕದ ಸೈಟು ತಗೊಳ್ಳಲ್ಲ ಅಂತ ಇನ್ನೊಬ್ಬ ಕೇಳಿದ. ಸೈಟು ವ್ಯಾಪಾರ ಮಾಡುವವರ ಮಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಆ 25 ಅಡೀನ ಸುಮ್ನೆ ಕೊಡ್ತಾರಾ? ಅದಕ್ಕೂ ರೇಟ್ ಹಾಕ್ತಾರೆ."

ಇಷ್ಟೆಲ್ಲಾ ಆದರೂ ನನ್ನನ್ನು ನಿಜವಾಗಿ ಸೋಲಿಸಿದ್ದು ದತ್ತಾಂಶ. ಹೆಸರು ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ವಿಷಯ ಸುಲಭ. ಕೇಳಬೇಕು, ಎಣಿಸಬೇಕು, ಚಿತ್ರ ಬರೆದು ತೋರಿಸಬೇಕು. ನಿಮಗಿಷ್ಟದ ತಿಂಡಿ ಯಾವುದು ಅಂತ ಕೇಳೋಣ ಅಂದೆ. ದಾವಣಗೆರೆಯಲ್ಲಿ ಈ ಪ್ರಶ್ನೆ ಕೇಳಬಾರದು. ಬೆಣ್ಣೆದೋಸೆಗೆ ಕೈ ಎತ್ತಿದವರೇ ಮಂಡಕ್ಕಿ-ಮಿರ್ಚಿಗೂ ಎತ್ತಿದರು. ಕ್ಲಾಸಿಗೆ ಬಂದವರಿಗಿಂತ ಬಿದ್ದ ಓಟೇ ಜಾಸ್ತಿ! ಒಬ್ಬರಿಗೆ ಒಂದೇ ಅಂತ ಮತ್ತೆ ಎಣಿಸಿದರೆ, ಬೆಣ್ಣೆದೋಸೆ ಮುಂದಿದೆ ಅಂತ ಗೊತ್ತಾದ ಇಡ್ಲಿಯವರು ಪಕ್ಷ ಬಿಟ್ಟು ಅಲ್ಲಿಗೆ ಹಾರಿದರು. ಉಪ್ಪಿಟ್ಟಿಗೆ ಸೊನ್ನೆ. ಸೊನ್ನೆಯೂ ದತ್ತಾಂಶವೇ, ಅದನ್ನೂ ಬರೆಯಬೇಕು ಅಂದರೆ ಯಾರೂ ಒಪ್ಪಲಿಲ್ಲ. "ಇಲ್ಲದೇ ಇರೋದನ್ನ ಯಾಕೆ ಬರೀಬೇಕು ಮೇಡಂ?"

ಚಿತ್ರಾಲೇಖಕ್ಕೆ ಚಿತ್ರದ ಬದಲು ಮಂಡಕ್ಕಿಯನ್ನೇ ಚಾರ್ಟಿನ ಮೇಲೆ ಅಂಟಿಸೋಣ ಅನ್ನುವುದು ನನ್ನ ಐಡಿಯಾ. ಒಂದು ಮಂಡಕ್ಕಿ ಅಂದರೆ ಇಬ್ಬರು ಮಕ್ಕಳು. ಹಾಗಾದ್ರೆ ಒಬ್ಬರಿಗೆ? ಅರ್ಧ ಮಂಡಕ್ಕಿ. ಈ ಅರ್ಧ ಅನ್ನುವುದೇ ಚಿತ್ರಾಲೇಖದಲ್ಲಿ ಮಕ್ಕಳಿಗೆ ಕಷ್ಟ, ಪರೀಕ್ಷೆಯಲ್ಲೂ ಅಲ್ಲೇ ಮಾರ್ಕ್ಸು ಹೋಗುವುದು. ನಮ್ಮವರಿಗೆ ಏನೂ ಕಷ್ಟ ಆಗಲಿಲ್ಲ. ಕಚ್ಚಿದರು, ಉಳಿದರ್ಧ ಚಾರ್ಟಿನ ಮೇಲಿಟ್ಟರು. ಸರಿಯಾಗಿ ಅರ್ಧ ಆಗದಿದ್ದರೆ ಪೂರ್ತಿ ತಿಂದು ಇನ್ನೊಂದು ಕಚ್ಚಿದರು. ಗೋಂದು ಹಚ್ಚುವ ಮೊದಲು ಸಾಲು ನೋಡಿಕೊಳ್ಳಿ ಅಂತ ಹೇಳುತ್ತಿದ್ದೆ, ಅಷ್ಟರಲ್ಲಿ ಬೆಳಗಿನಿಂದ ಇಲ್ಲದ ಕರೆಂಟು ಬಂತು. ಫ್ಯಾನು ತಿರುಗಿತು. ಬೆಣ್ಣೆದೋಸೆ, ಇಡ್ಲಿ, ಮಿರ್ಚಿ ಎಲ್ಲಾ ಪಕ್ಷಗಳೂ ಒಂದೇ ಸಲ ಗಾಳಿಗೆ ಹಾರಿದವು. ಆರಿಸಿಕೊಂಡು ಬನ್ನಿ ಅಂದರೆ ನೆಲ ಒಂದು ನಿಮಿಷದಲ್ಲಿ ಸ್ವಚ್ಛ, ಆದರೆ ಚಾರ್ಟಿಗೆ ಒಂದೂ ವಾಪಸ್ ಬರಲಿಲ್ಲ. ಕಚ್ಚಿಟ್ಟವು ಯಾರ ಬಾಯಿಗೆ ಹೋದವೋ ಆ ದೇವರೇ ಬಲ್ಲ.

ಕೋನದ ಪಾಠ ಇದಕ್ಕಿಂತ ಶಾಂತವಾಗಿ ನಡೆಯಬೇಕಿತ್ತು. ಒಬ್ಬ ಹುಡುಗನ ಅಪ್ಪ ಗಾರೆ ಕೆಲಸದವರು, ಮಗನ ಟಿಫಿನ್ ಕೊಡಲು ಬಂದಿದ್ದರು. ಮೂಲೆ 90 ಡಿಗ್ರಿ ಇದೆಯಾ ಅಂತ ನೀವು ಹೇಗೆ ನೋಡ್ತೀರಿ, ಮಕ್ಕಳಿಗೆ ತೋರಿಸಿ ಅಂದೆ. ಅವರು ಒಂದು ಗೋಡೆ ಮೇಲೆ ಮೂಲೆಯಿಂದ 3 ಅಡಿಗೆ ಗುರುತು ಹಾಕಿದರು, ಇನ್ನೊಂದರ ಮೇಲೆ 4 ಅಡಿಗೆ. ಎರಡು ಗುರುತಿನ ನಡುವೆ ಟೇಪು ಹಿಡಿದು, "ಸರಿಯಾಗಿ 5 ಅಡಿ ಬಂದ್ರೆ ಮಟ್ಟ" ಅಂದರು. 5 ಅಡಿಯ ಮೇಲೆ ಒಂದೂವರೆ ಇಂಚು ಬಂತು. ಇನ್ನೊಮ್ಮೆ ಹಿಡಿದು ನೋಡಿದರು. ಗೋಡೆ ನೋಡಿದರು, ನನ್ನ ನೋಡಿದರು. "ಈ ರೂಮು ಕಟ್ಟಿದ್ದು ನಾನಲ್ಲ ಮೇಡಂ" ಅಂದು ಟೇಪು ಸುತ್ತಿಕೊಂಡು ಹೊರಟೇ ಹೋದರು.

ಅಲ್ಲಿಂದ ಶುರುವಾಯಿತು. ಕಿಟಕಿ, ಬಾಗಿಲು, ಬೋರ್ಡು, ಎಲ್ಲದಕ್ಕೂ ಕೋನಮಾಪಕ ಇಟ್ಟು, ಇದು ಸರಿ, ಇದು ಸೊಟ್ಟ ಅಂತ ತೀರ್ಪು. ಕೊನೆಗೆ ಹೆಡ್ ಮಾಸ್ಟರ್ ರೂಮಿಗೂ ನುಗ್ಗಿ, ಅವರಿಲ್ಲದ ಹೊತ್ತಲ್ಲಿ ಕುರ್ಚಿಯ ಬೆನ್ನು ಅಳೆಯತೊಡಗಿದರು. ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ಜಗಳ ಹತ್ತಿತ್ತು. ಕೋನಮಾಪಕದಲ್ಲಿ ಎರಡು ಸಾಲು ಅಂಕಿ ಇರುತ್ತವಲ್ಲ, ಒಬ್ಬ ಒಳಗಿನ ಸಾಲು ಓದಿ 75 ಅಂದಿದ್ದ, ಇನ್ನೊಬ್ಬ ಹೊರಗಿನದು ಓದಿ 105 ಅಂದಿದ್ದ. 75 ಆದರೆ ಹೆಡ್ ಮಾಸ್ಟರು ಮೂಗು ಮೇಜಿಗೆ ತಾಗಿಸಿಕೊಂಡು ಕೂರಬೇಕಾಗುತ್ತೆ ಕಣೋ ಅಂತ ನಮ್ಮ ಹೂವಿನ ಹುಡುಗಿ ವಾದ ಮಾಡಿದಳು. ಆಮೇಲೆ ಕೂತೇ ನೋಡೋಣ ಅಂತ ಹತ್ತಿ ಕೂತುಬಿಟ್ಟಳು. ಹೆಡ್ ಮಾಸ್ಟರು ಒಳಗೆ ಬಂದಿದ್ದು ಆಗಲೇ.

"ಇದು ಯಾವ ಪಾಠ ಮೇಡಂ?" ಅಂತ ನನ್ನನ್ನು ಕೇಳಿದರು.

ಉತ್ತರ ಕುರ್ಚಿಯಿಂದ ಬಂತು. "ವಿಶಾಲಕೋನ ಸಾರ್. ಆರಾಮಾಗಿದೆ."