ಬಡಗಿನ ಮುಖಕ್ಕೆ ತೆಂಕಿನ ಕಿರೀಟ!

ಉಡುಪಿಯ ಒಂದು ಅಂಗಡಿಯ ಕ್ಯಾಲೆಂಡರಿಗೆ ಯಕ್ಷಗಾನದ ಅಭಿಮನ್ಯುವಿನ ಚಿತ್ರ ಬರೆದುಕೊಟ್ಟೆ. ಬಡಗುತಿಟ್ಟು, ಅಂದರೆ ಯಕ್ಷಗಾನದ ಬಡಗಣ ಶೈಲಿ; ತಲೆಗೆ ಕೇದಗೆ ಮುಂದಲೆ ಎಂಬ, ಸುತ್ತಿ ಕಟ್ಟುವ ಮುಂಡಾಸು. ಹಗಲಿಡೀ ಲೋಗೋ, ಬ್ಯಾನರ್ ಕೆಲಸ. ಈ ವೇಷಗಳ ಚಿತ್ರ ಮಾತ್ರ ರಾತ್ರಿ ಕೂತು ನನ್ನ ಖುಷಿಗೆ ಮಾಡುವುದು. ಯಕ್ಷಗಾನದ ಆಟಕ್ಕೆ ಹೋದಾಗೆಲ್ಲ ವೇಷ ಕಟ್ಟುವ ಚೌಕಿಯಲ್ಲಿ ಕೂತು, ತಲೆಗೆ ಒಂದೊಂದು ಸುತ್ತು ಕಟ್ಟುವುದನ್ನೂ ನೋಡಿ ಕಲಿತದ್ದು.

“ಲಾಯ್ಕುಂಟು ಮಾರಾಯ್ರೆ, ಕಿರೀಟ ಮಾತ್ರ ದೊಡ್ಡದು ಬೇಕು” ಅಂತ ಅಂಗಡಿಯವರಿಂದ ವಾಟ್ಸಾಪಿನಲ್ಲಿ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಕಿರೀಟದ ಫೋಟೋ ಬಂತು. ಅದನ್ನು ಇದಕ್ಕೇ ಕೂರಿಸಬೇಕಂತೆ! ಅದೂ ಸಂಜೆಯೊಳಗೆ. ತಿಟ್ಟೇ ಬೇರೆ ಎಂದೆ. “ಯಾರು ನೋಡ್ತಾರೆ?”

ಯಾಕೆ ನೋಡುವುದಿಲ್ಲ? ಈ ಊರಿನಲ್ಲಿ ಚೆಂಡೆಪೆಟ್ಟು ಕೇಳಿಯೇ ತಿಟ್ಟು ಹೇಳುವವರಿದ್ದಾರೆ. ತಪ್ಪು ಚಿತ್ರ 12 ತಿಂಗಳು ಗೋಡೆಯಲ್ಲಿ ನೇತಾಡುತ್ತದೆ. ಬೇಕಾದರೆ ದುಡ್ಡು ಕಡಿಮೆ ಕೊಡಿ, ಮುಂದಲೆ ಮುಟ್ಟಬೇಡಿ.