ಜೋಗಿಮಟ್ಟಿ ಚಾರಣ: ಗೈಡ್ ಇದ್ದರೆ ಅನುಮತಿ ಬೇಡ ಅನ್ನೋದು ತಪ್ಪು

‘ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಮೂರು ದಿನದ ಚಾರಣ. ಜೊತೆಗೆ ಗೈಡ್ ಇರ್ತಾರೆ, ಹಾಗಾಗಿ ಅನುಮತಿ ಬೇಡ. ರಾತ್ರಿ ಟೆಂಟ್, ಬೆಂಕಿ ಸುತ್ತ ಊಟ’ ಎಂಬ ಮೆಸೇಜ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಾವಣಗೆರೆಯ ಹುಡುಗರಿಬ್ಬರು ನನ್ನನ್ನೇ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಜೋಗಿಮಟ್ಟಿ ಸುಮ್ನೆ ಒಂದು ಗುಡ್ಡ ಅಲ್ಲ, ವನ್ಯಜೀವಿಧಾಮ. ಇಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಂ ಪ್ರಕಾರ ಪ್ರವಾಸಿಗಳು ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಅನುಮತಿ ಕೊಡುವುದು ಅರಣ್ಯ ಇಲಾಖೆ, ಗೈಡ್ ಅಲ್ಲ. ದಾರಿ ಗೊತ್ತಿರುವವರು ಜೊತೆಗಿದ್ದರೆ ಒಳ್ಳೆಯದೇ, ಆದರೆ ಅದು ಪರವಾನಗಿ ಆಗುವುದಿಲ್ಲ.

ಬೆಂಕಿಯ ಮಾತು ಓದಿ ನಿಜಕ್ಕೂ ಹೆದರಿಕೆಯಾಯಿತು. ಇದು ಒಣ ಕಾಡು. ಚಳಿಗಾಲ ಮುಗಿಯುವ ಹೊತ್ತಿಗೆ ಆಳೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ, ಗಾಳಿಯೂ ಜಾಸ್ತಿ. ಈ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಯಾಕೆ ಅಂತ ನೋಡಿದವರಿಗೆ ಗೊತ್ತು ಅಲ್ವಾ? ಒಂದು ಕಿಡಿ ಹಾರಿದರೆ ನಾಲ್ಕು ಜನ ಸೇರಿ ಆರಿಸಲಾಗದು. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ಅದೇ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ.

ಇನ್ನು ರಾತ್ರಿ ಟೆಂಟ್. ಇಲ್ಲಿ ಕರಡಿ, ಚಿರತೆ ಇವೆ. ಅವು ಹೆಚ್ಚಾಗಿ ಓಡಾಡುವುದೇ ಕತ್ತಲಾದ ಮೇಲೆ.

ದುಡ್ಡು ಕಳಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಇಲ್ಲವೆಂದರೆ ಹೋಗಬೇಡಿ. ಆ ಮೆಸೇಜ್ ಕಳಿಸಿದವರಿಗೆ ಇದನ್ನೂ ಕಳಿಸಿ.