ಹಾಲು ಇಳಿದರೆ ಹಸುವನ್ನು ಮಾರುವ ಮೊದಲು

ಹಾಲು ಕಡಿಮೆಯಾದ ಕೂಡಲೇ ಎಲ್ಲರೂ ಬೈಯುವುದು ತಳಿಯನ್ನು. "ಈ ಜಾತಿ ಸರಿಯಿಲ್ಲ, ಮಾರಿಬಿಡಿ" ಅನ್ನುವವರೇ ಜಾಸ್ತಿ. ಎರಡು ಮೂರು ಹಸು ಕಟ್ಟಿಕೊಂಡವರಿಗೆ ಇದು ತುಂಬಾ ದುಬಾರಿ ಸಲಹೆ. ಸಾಲ ಮಾಡಿ ತಂದ ಹೊಸ ಹಸುವೂ ಅದೇ ಕೊಟ್ಟಿಗೆಗೆ, ಅದೇ ಆರೈಕೆಗೆ ಬರಬೇಕು ಅಲ್ವಾ?

ನೀರನ್ನೇ ನೋಡಿ. ಹಾಲಿನಲ್ಲಿ ಶೇ. 87ರಷ್ಟು ಇರುವುದು ನೀರೇ. ದಿನಕ್ಕೆ 10 ಲೀಟರ್ ಕರೆಯುವ ಹಸುವಿಗೆ ಸುಮಾರು 50 ಲೀಟರ್ ನೀರು ಬೇಕು, ಬಿಸಿಲಿದ್ದರೆ ಇನ್ನೂ ಜಾಸ್ತಿ. ನಾವು ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಇಟ್ಟು ಸುಮ್ಮನಾಗುತ್ತೇವೆ. ಬೆಳಗ್ಗೆ ಬಕೆಟ್ ಸದ್ದಾದರೆ ಸಾಕು, ಹಸು ಹಗ್ಗ ಜಗ್ಗಿಕೊಂಡು ಬಂದು ಮೂತಿ ಮುಳುಗಿಸಿ ಕುಡಿಯುತ್ತದೆ, ಕೊನೆಗೆ ಖಾಲಿ ತಳ ನೆಕ್ಕುತ್ತದೆ. "ಚೆನ್ನಾಗಿ ಕುಡೀತು" ಅಂತ ನಾವು ಖುಷಿಪಡುತ್ತೇವೆ. ಅದು ರಾತ್ರಿಯೆಲ್ಲ ಒಣಹುಲ್ಲು ತಿಂದು ಬಾಯಾರಿ ನಿಂತಿತ್ತು. ನೀರು ಸಾಲದ ಹಸು ಮೇವನ್ನೂ ಬಿಡುತ್ತದೆ.

ಆಮೇಲೆ ಬೆದೆ, ಅಂದರೆ ಹಸು ಗಬ್ಬ ಕಟ್ಟಲು ಸಿದ್ಧವಾಗುವ ಹೊತ್ತು. 21 ದಿನಕ್ಕೊಮ್ಮೆ ಬರುತ್ತದೆ, ಒಂದು ದಿನವೂ ಪೂರ್ತಿ ಇರುವುದಿಲ್ಲ. ಕೆಲವು ಹಸುಗಳು ಕೂಗುವುದೂ ಇಲ್ಲ. ಬೆಳಗ್ಗೆ ಬಾಲಕ್ಕೆ ಅಂಟಿದ ಲೋಳೆಯೊಂದೇ ಗುರುತು. ಅದು ಕಣ್ಣಿಗೆ ಬೀಳುವುದು ಸಗಣಿ ಬಾಚುವ ಹೆಣ್ಣುಮಕ್ಕಳಿಗೆ. ಎಷ್ಟೋ ಹಾಲಿನ ಸಂಘಗಳು ತರಬೇತಿಗೆ ಕರೆಯುವುದು ಮಾತ್ರ ಸದಸ್ಯತ್ವ ಯಾರ ಹೆಸರಿನಲ್ಲಿದೆಯೋ ಆ ಗಂಡಸರನ್ನು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಒಂದು ಬೆದೆ ತಪ್ಪಿದರೆ ಮೂರು ವಾರ ಹೋಯಿತು. ಮೂರು ತಪ್ಪಿದರೆ ಮುಂದಿನ ಕರು ಎರಡು ತಿಂಗಳು ತಡ. ಅಷ್ಟೂ ದಿನ ಬತ್ತಿದ ಹಸುವಿಗೆ ಮೇವು ಹೊಂದಿಸಬೇಕು.

ಕೆಚ್ಚಲು ಬಾವೂ ಹಾಗೆಯೇ, ಬಾವು ಕಾಣುವ ಮೊದಲೇ ಹಾಲು ಇಳಿಸಿರುತ್ತದೆ.

ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಟ್ಟರೆ ಸಂಘದ ಕೆಲಸ ಮುಗಿಯುವುದಿಲ್ಲ. ಹಾಲಿನ ದುಡ್ಡಿನ ಬಟವಾಡೆ ತಡವಾದರೆ ರೈತ ಮೊದಲು ಕೈಬಿಡುವುದು ಹಿಂಡಿಯನ್ನು. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ಮೇಲಕ್ಕೇರುವ ಹೊತ್ತು. ಆಗ ಹಿಂಡಿ ನಿಂತರೆ ಆ ಸೂಲಿನಲ್ಲಿ ಹಾಲು ಮತ್ತೆ ಅಷ್ಟು ಏರುವುದು ಕಷ್ಟ. ಆಮೇಲೆ ದುಡ್ಡು ಬಂದರೂ ಆ ಹಾಲು ಬರಲ್ಲ.

ವಾರ್ಷಿಕ ಸಭೆಯಲ್ಲಿ ಬೋನಸ್ ಎಷ್ಟು ಅಂತ ಕೇಳುತ್ತೇವೆ. ಈ ಸಲ ಇದನ್ನೂ ಕೇಳಿ: ಹಸು ಬೆದೆಗೆ ಬಂದಿದೆ ಅಂತ ಫೋನ್ ಮಾಡಿದವರಲ್ಲಿ ಎಷ್ಟು ಜನರ ಕೊಟ್ಟಿಗೆಗೆ ಕೃತಕ ಗರ್ಭಧಾರಣೆ ಮಾಡಲು ಹೊತ್ತಿಗೆ ಸರಿಯಾಗಿ ಬಂದಿರಿ?